ಬಾಟಲಿಯೊಳಗಿನ ಬೆರಕೆ

ಮನೆಯಲ್ಲಿರುವ ಯಾವುದಾದರೊಂದು ವಸ್ತು ತನ್ನಿ ಎಂದು ಶೇಖಮ್ಮ ಹತ್ತನೇ ತರಗತಿಯ ಹುಡುಗಿಯರಿಗೆ ಹೇಳಿದ್ದಳು. ಸೋಮವಾರ ಮೇಜಿನ ಮೇಲೆ ಜಾಗವೇ ಉಳಿಯಲಿಲ್ಲ. ಉಪ್ಪು, ಸಕ್ಕರೆ, ತಾಮ್ರದ ತಂಬಿಗೆ, ಹಿತ್ತಾಳೆ ಗಂಟೆ, ಗೋಲಿ ಸೋಡಾ, ಯಾರದೋ ಅಜ್ಜಿಯ ಬೆಳ್ಳಿ ಕಾಲುಂಗುರ. ಯಾವುದು ಮೂಲವಸ್ತು, ಯಾವುದು ಸಂಯುಕ್ತ, ಯಾವುದು ದ್ರಾವಣ ಎಂದು ಬೇರೆಬೇರೆ ಗುಂಪು ಮಾಡಿಡುವುದು ಆ ದಿನದ ಪಾಠ.

೧೯೮೧ನೇ ಇಸವಿ. ಶೇಖಮ್ಮ ಕಲ್ಲೂರಿನ ಕೂಲಿಯವರ ಮಗಳು. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿ, ಮಾನ್ವಿಯ ಹೈಸ್ಕೂಲೊಂದಕ್ಕೆ ವಿಜ್ಞಾನದ ಟೀಚರಾಗಿ ಬಂದವಳು. ತಾಯಿ ಪಾರ್ವತೆಮ್ಮ, ತಮ್ಮ ಗದ್ದೆಪ್ಪ ಅವಳ ಜೊತೆಗೇ ಇದ್ದರು. ಗದ್ದೆಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ.

ಕೊನೆಯ ಬೆಂಚಿನ ಜಾಹೆದಾ ಒಂದು ಬಾಟಲಿ ತಂದಿದ್ದಳು. ಒಳಗೆ ಚಹಾದ ಬಣ್ಣದ ನೀರು. ಬಿರಡೆ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ.

"ಪಾಲಿಶ್ ಐತ್ರೀ ಟೀಚರ್, ನಮ್ಮ ಅಂಗಡೀದು," ಎಂದಳು. ಅವಳಪ್ಪ ಶಾಮೀದಸಾಬನದು ಬಜಾರದಲ್ಲಿ ಬಣ್ಣ ಮತ್ತು ಪಾಲಿಶಿನ ಅಂಗಡಿ. ಊರಿನ ಬಡಿಗೇರೆಲ್ಲ ಅಲ್ಲಿಗೇ ಬರುತ್ತಿದ್ದರು. "ಸ್ಪಿರಿಟಿನ್ಯಾಗ ಅರಗು ಕರಗಿಸಿ ಮಾಡ್ತಾರ. ಡ್ರಮ್ ಬಂದ ದಿನಾನ ನಮ್ಮಬ್ಬಾ ಎಲ್ಲಾದಕ್ಕೂ ಅರಗು ಹಾಕಿಬಿಡ್ತಾರ್ರೀ. ಬರೇ ಸ್ಪಿರಿಟ್ ಇಟ್ರ ಯಾರರ ಕದ್ದು ಕುಡಿತಾರ ಅಂತ."

"ಹಂಗಾರ ಇದು ಯಾವ ಗುಂಪಿಗೆ ಹೋಗ್ತದ?"

"ದ್ರಾವಣ!" ಎಂದು ತರಗತಿಯೆಲ್ಲ ಕೂಗಿತು.

"ಹೌದು. ಎರಡು ವಸ್ತು ಅದಾವ, ಆದ್ರ ಕಣ್ಣಿಗೆ ಒಂದ ಕಾಣ್ತದ," ಎಂದು ಶೇಖಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದಳು. "ಅರಗು ಸ್ಪಿರಿಟಿನ್ಯಾಗ ಕರಗ್ತದ, ನೀರಿನ್ಯಾಗ ಕರಗಂಗಿಲ್ಲ. ಇದನ್ನ ನೀರಿಗೆ ಹಾಕಿದ್ರ ಏನಾಗ್ತದ ಅಂತ ನಾಳೆ ನೋಡೋಣು."

ಆ ನಾಳೆ ಪಾಠ ನಡೆಯಲಿಲ್ಲ.

ಮಂಗಳವಾರ ಬಿಸಿಲೇರಿದ ಮೇಲೆ ಗದ್ದೆಪ್ಪ ಎದ್ದು ಕೂತು, "ಯಕ್ಕಾ, ಯಾಕ ಕತ್ಲ ಮಾಡೀರಿ? ಬಾಗ್ಲಾ ತಗೀರಿ," ಎಂದ. ಬಾಗಿಲು ತೆರೆದೇ ಇತ್ತು. ಬಿಸಿಲು ಅವನ ಹಾಸಿಗೆಯ ಮೇಲೇ ಬಿದ್ದಿತ್ತು. ಇವನು ಚೇಷ್ಟೆ ಮಾಡುತ್ತಿದ್ದಾನೆಂದು ಪಾರ್ವತೆಮ್ಮ ಬೈದಳು. ಅವನು ಎದ್ದು ನಡೆಯಹೋಗಿ ನಡುಗಂಬಕ್ಕೆ ಹಣೆ ಬಡಿದುಕೊಂಡ. ಚರ್ಮ ಸೀಳಿ ರಕ್ತ ಇಳಿಯಿತು. ಕೈಯಿಂದ ಮುಖ ಒರೆಸಿಕೊಂಡ. ಆ ಕೈಯನ್ನೂ ಕಾಣದೆ ದನದ ಹಾಗೆ ಅರಚಿದ. ಹಿಡಿಯಲು ಬಂದ ತಾಯಿಯನ್ನು ಯಾರೋ ಕೊಲ್ಲಲು ಬಂದವರೆಂಬಂತೆ ಬಲವಾಗಿ ತಳ್ಳಿದ. ಪಾರ್ವತೆಮ್ಮ ಒಲೆಯ ಮೇಲೆ ಬಿದ್ದಳು. ಮೊಣಕೈ ಸುಟ್ಟಿತು. ಗದ್ದೆಪ್ಪ ಗೋಡೆ ತಡವುತ್ತ, ಸಿಕ್ಕಿದ್ದನ್ನೆಲ್ಲ ಎತ್ತಿ ಒಗೆಯುತ್ತ, ಕಡೆಗೆ ಮೊಣಕಾಲೂರಿ ಹಸಿರಾಗಿ ವಾಂತಿ ಮಾಡಿಕೊಂಡ.

"ನಿನ್ನಿ ಎಷ್ಟು ಕುಡದಿ?" ಎಂದು ಶೇಖಮ್ಮ ಅವನ ಎರಡೂ ಭುಜ ಹಿಡಿದು ಅಲುಗಿಸಿದಳು.

"ದಿನಾ ಕುಡಿಯೋಷ್ಟ ಯಕ್ಕಾ. ದಿನಾ ಕುಡಿಯೋಷ್ಟ."

ಅಷ್ಟರಲ್ಲಿ ಹಮಾಲರ ಓಣಿಯ ಉದ್ದಕ್ಕೂ ಹೆಂಗಸರು ಬಾಯಿ ಬಡಿದುಕೊಳ್ಳುವುದು ಕೇಳಿಸಿತು. ಒಂದು ಮನೆಯದಲ್ಲ, ಮನೆಮನೆಯದು. ಯಂಕೋಬನ ಅಪ್ಪ ಹಾಸಿಗೆಯಲ್ಲೇ ಸೆಟೆದುಕೊಂಡು ಸತ್ತಿದ್ದ. ಯಂಕೋಬ ಗದ್ದೆಪ್ಪನ ಜೊತೆ ಚೀಲ ಹೊರುವವನು. ಕುಡಿಯುತ್ತಿರಲಿಲ್ಲವಾದ್ದರಿಂದ ಉಳಿದಿದ್ದ. ಪಕ್ಕದ ಮನೆಯ ಮುದುಕ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಹೊರಳುತ್ತಿದ್ದ. ಎಲ್ಲರೂ ಕುಡಿದದ್ದು ಒಂದೇ ಕಡೆ: ವಿರುಪಣ್ಣನ ಸಾರಾಯಿ ಅಂಗಡಿಯಲ್ಲಿ. ವಿರುಪಣ್ಣ ರಾಯಚೂರಿನಲ್ಲಿ ಕೂತು ತಾಲ್ಲೂಕಿನ ಸಾರಾಯಿ ಗುತ್ತಿಗೆ ನಡೆಸುತ್ತಿದ್ದವನು. ಇಲ್ಲಿ ಅವನ ಮುನೀಮ ವ್ಯವಹಾರ ನೋಡಿಕೊಳ್ಳುತ್ತಿದ್ದ.

ಹತ್ತಿ ಮಿಲ್ಲಿನವರು ಒಂದು ಲಾರಿ ಕೊಟ್ಟರು. ಬದುಕಿದವರನ್ನು ಹತ್ತಿಯ ಅಂಡಿಗೆಗಳಂತೆ ಒಬ್ಬರ ಪಕ್ಕ ಒಬ್ಬರನ್ನು ಮಲಗಿಸಿದರು. ಗದ್ದೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಾರ್ವತೆಮ್ಮ ಹತ್ತಿದಳು. ಶೇಖಮ್ಮನಿಗೆ ಕಾಲಿಡಲು ಜಾಗವಿರಲಿಲ್ಲ. ಲಾರಿ ರಾಯಚೂರಿನ ದಾರಿ ಹಿಡಿಯಿತು.

ಹಿಂದೆ ಉಳಿದವರಿಗೆ ಈಗ ಮಾಡಲು ಒಂದೇ ಕೆಲಸವಿತ್ತು. ಸಾರಾಯಿ ಅಂಗಡಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಹಾರೆ, ಕೊಡಲಿ, ಒನಕೆ, ಕೈಗೆ ಸಿಕ್ಕಿದ್ದು ಹಿಡಿದು ಬಂದ ಜನ ಬಾಗಿಲನ್ನು ಸೀಳಿದರು. ಒಳಗೆ ಸಾರಾಯಿ ತುಂಬಿದ್ದ ಪಿಂಪಿನ ಹಿಂದೆ ಮುನೀಮ ಅಡಗಿ ಕೂತಿದ್ದ. ಅವನನ್ನು ಕಾಲು ಹಿಡಿದು ಬೀದಿಗೆ ಎಳೆತಂದರು. ಯಂಕೋಬ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಲೇ ಹೋದ. ಹಲ್ಲು ಉದುರಿದವು. ತುಟಿ ಹರಿಯಿತು.

"ಏನ್ ಹಾಕೀರಲೇ ಅದ್ರಾಗ? ನಮ್ಮಪ್ಪಗ ಏನ್ ಕುಡಿಸಿದಿ?"

ಮುನೀಮ ಬಾಯಿ ಬಿಡಲಿಲ್ಲ. ಯಾರೋ ಪಿಂಪಿನಿಂದ ಒಂದು ಬಾಟಲಿ ತುಂಬಿ ತಂದು ಶೇಖಮ್ಮನ ಕೈಗೆ ಕೊಟ್ಟರು.

"ಟೀಚರಮ್ಮ, ನೀವು ಓದಿದವ್ರು. ಇದು ಏನೈತಿ ಹೇಳ್ರಿ."

ಅವಳು ನೋಡಿದಳು. ತಿಳಿನೀರಿನ ಹಾಗಿತ್ತು. ಮೂಗಿಗೆ ಹಿಡಿದಳು. ಸಾರಾಯಿಯ ಹುಳಿ ವಾಸನೆಯ ಕೆಳಗೆ ಇನ್ನೊಂದು ವಾಸನೆ. ನಿನ್ನೆಯಷ್ಟೇ ತರಗತಿಯಲ್ಲಿ ಮೂಗಿಗೆ ಹೊಡೆದದ್ದು. ಕಂಬಕ್ಕೆ ಹಣೆ ಬಡಿದುಕೊಂಡ ಗದ್ದೆಪ್ಪನೇ ಕಣ್ಣಿಗೆ ಕಟ್ಟಿದ್ದ. ಅವಳು ಹಿಂದೆಮುಂದೆ ಯೋಚಿಸಲಿಲ್ಲ.

"ಇದ್ರಾಗ ಸ್ಪಿರಿಟ್ ಅದ," ಎಂದಳು. "ಪಾಲಿಶ್ ಮಾಡೋ ಸ್ಪಿರಿಟ್."

ನೆಲದ ಮೇಲಿದ್ದ ಮುನೀಮ ರಕ್ತ ಉಗುಳಿ ಗಂಟಲು ಹರಿಯುವಂತೆ ಕೂಗಿದ: "ಊರಾಗ ಪಾಲಿಶ್ ಮಾರಾಂವ ಯಾರಲೇ? ಶಾಮೀದಸಾಬ ಅಲ್ಲೇನು? ಅಂವ ಕೊಟ್ಟಿದ್ದು! ಅಂವನ್ನ ಹೋಗಿ ಕೇಳ್ರಿ!"

ಯಂಕೋಬ ಅವನನ್ನು ಬಿಟ್ಟು ಎದ್ದ. ಜನ ತಿರುಗಿತು. ಶೇಖಮ್ಮ "ತಡೀರಿ, ನಾ ಹಂಗ ಅನ್ನಲಿಲ್ಲ" ಎನ್ನುತ್ತಲೇ ಇದ್ದಳು. ಅವಳನ್ನು ದಾಟಿ, ತಳ್ಳಿಕೊಂಡು, ಬಾಟಲಿ ಉರುಳಿಸಿಕೊಂಡು ಎಲ್ಲರೂ ಬಜಾರದ ಕಡೆ ಓಡಿದರು. ಮುನೀಮ ತೆವಳುತ್ತ ಎದ್ದು ಸಂದಿಯಲ್ಲಿ ಮಾಯವಾದ.

ಆಗ ಅವಳಿಗೆ ಜಾಹೆದಾಳ ಮಾತು ನೆನಪಾಯಿತು. ಡ್ರಮ್ ಬಂದ ದಿನಾನ ಎಲ್ಲಾದಕ್ಕೂ ಅರಗು ಹಾಕಿಬಿಡ್ತಾರ. ಅರಗಿದ್ದ ಸ್ಪಿರಿಟ್ ಸಾರಾಯಿಯ ನೀರಿಗೆ ಬಿದ್ದಿದ್ದರೆ ಅದು ಬೆಳ್ಳಗೆ ಒಡೆದು ಹೋಗಬೇಕಿತ್ತು. ಬಾಟಲಿಯಲ್ಲಿದ್ದದ್ದು ತಿಳಿಯಾಗಿತ್ತು. ಅದು ಶಾಮೀದಸಾಬನ ಅಂಗಡಿಯದಾಗಲು ಸಾಧ್ಯವೇ ಇರಲಿಲ್ಲ. ಶೇಖಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಅವಳು ತಲುಪುವಷ್ಟರಲ್ಲಿ ಅಂಗಡಿಯ ಡಬ್ಬಿಗಳೆಲ್ಲ ಬೀದಿಗೆ ಬಂದಿದ್ದವು. ಕೆಂಪು, ಹಸಿರು ಬಣ್ಣ ಚರಂಡಿಗೆ ಹರಿಯುತ್ತಿತ್ತು. ಶಾಮೀದಸಾಬನ ಗಡ್ಡ ಹಿಡಿದು ಹೊರಗೆ ಎಳೆದಿದ್ದರು. ಅವನಿಗೆ ಯಾತಕ್ಕೆ ಹೊಡೆಯುತ್ತಿದ್ದಾರೆಂಬುದೇ ತಿಳಿದಿರಲಿಲ್ಲ. "ಯಾಕ್ರಪ್ಪಾ, ನಾ ಏನ್ ಮಾಡೀನಿ? ಯಂಕೋಬ, ನಿಮ್ಮಪ್ಪ ನನ್ನ ದೋಸ್ತ ಅದಾನಲೋ..." ಎನ್ನುತ್ತಿದ್ದಂತೆ ಒನಕೆಯ ಏಟು ಬಿತ್ತು. ಮೊಣಕಾಲಿನ ಚಿಪ್ಪು ಒಡೆದ ಸದ್ದು ಎಲ್ಲರಿಗೂ ಕೇಳಿಸಿತು. ಹೆಂಡತಿ ಅನ್ವರಿ ಬೇಗಂ ಮಹಡಿಯ ಕಿಟಕಿಯ ಸರಳು ಹಿಡಿದು ಕಿರುಚುತ್ತಿದ್ದಳು. ಕೆಳಗಿನ ಬಾಗಿಲಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು.

"ನಮಗ ಕುಡಿಸಿದ್ದು ನೀನೂ ಕುಡಿ!" ಎಂದು ಯಂಕೋಬ ಪಾಲಿಶಿನ ಡಬ್ಬಿಯನ್ನು ಶಾಮೀದಸಾಬನ ಮೇಲೆ ಬೋರಲು ಹಾಕಿದ. ಕಡ್ಡಿ ಗೀರಿದ.

ನಡು ಮಧ್ಯಾಹ್ನದ ಬಿಸಿಲು. ಸ್ಪಿರಿಟಿನ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕಡ್ಡಿ ಆರಿತೆಂದುಕೊಂಡು ಯಂಕೋಬ ಇನ್ನೊಂದಕ್ಕೆ ಪೆಟ್ಟಿಗೆ ತಡವಿದ. ಅಷ್ಟರಲ್ಲಿ ಶಾಮೀದಸಾಬನ ಅಂಗಿ ಎದೆಯ ಮೇಲೆ ತಾನಾಗಿಯೇ ಕಪ್ಪಾಗಿ ಮುದುರಿತು. ಅವನು "ಯಾ ಅಲ್ಲಾ" ಎಂದು ಕೂಗಿ ನೆಲದಲ್ಲಿ ಹೊರಳಿದ. ಆಗಲೇ ಜನರಿಗೆ ಅವನು ಉರಿಯುತ್ತಿದ್ದಾನೆಂದು ಗೊತ್ತಾದದ್ದು.

ಶೇಖಮ್ಮ ಎದುರಿನ ಚಹಾದಂಗಡಿಯ ನೀರಿನ ಹರವಿಗೆ ಸುತ್ತಿದ್ದ ಒದ್ದೆ ಗೋಣಿಚೀಲ ಕಿತ್ತುಕೊಂಡು ಬಂದು ಅವನ ಮೇಲೆ ಬಿದ್ದಳು. ಯಾರದೋ ಬಡಿಗೆ ಅವಳ ಬೆನ್ನಿಗೆ ಬಿತ್ತು. ಇನ್ನೊಂದು ಕಿವಿಯ ಹಿಂದೆ. ಅವಳು ಬಿಡಲಿಲ್ಲ. ಕರಗಿದ ಅರಗು ಕಾದ ಬೆಲ್ಲದ ಪಾಕದಂತೆ ಶಾಮೀದಸಾಬನ ಎದೆಗೆ ಅಂಟಿತ್ತು. ಅದನ್ನು ಒರೆಸಹೋದ ಅವಳ ಅಂಗೈಗೂ ಅಂಟಿಕೊಂಡು ಚರ್ಮ ಕಿತ್ತಿತು.

"ಯಂಕೋಬ!" ಎಂದು ಅವಳು ಕೂಗಿದಳು. "ಇನ್ನೊಂದು ಡಬ್ಬಿ ಅದ ಏನು? ತಂದು ನನ್ನ ಮ್ಯಾಲೂ ಸುರಿ. ಸ್ಪಿರಿಟ್ ಅಂದಾಕಿ ನಾನು. ಇಂವ ಕೊಟ್ಟಿಲ್ಲ. ಇಂವನ ಸ್ಪಿರಿಟ್ ಅದ್ರಾಗ ಇಲ್ಲ!"

ಯಾಕೆ ಇಲ್ಲ ಎಂದು ಯಾರೂ ಕೇಳಲಿಲ್ಲ. ಅವರಿಗೆ ಕಂಡದ್ದು ತಮ್ಮ ಓಣಿಯ ಟೀಚರಮ್ಮ ಮತ್ತು ಅವಳ ಸೆರಗಿನಿಂದ ಏಳುತ್ತಿದ್ದ ಹೊಗೆ ಅಷ್ಟೇ. ಯಂಕೋಬನ ಕೈಯಿಂದ ಕಡ್ಡಿಪೆಟ್ಟಿಗೆ ಬಿತ್ತು. ಯಾರೋ ಒಬ್ಬ ಕೊಡದ ನೀರು ತಂದು ಎರಚಿದ. ಪೊಲೀಸರ ವ್ಯಾನು ಬಂದಾಗ ಅರ್ಧ ಬೀದಿ ಖಾಲಿಯಾಗಿತ್ತು.

ರಾಯಚೂರಿನ ಆಸ್ಪತ್ರೆಯಲ್ಲಿ ಗದ್ದೆಪ್ಪ ಒಂದು ವಾರ್ಡಿನಲ್ಲಿ, ಶಾಮೀದಸಾಬ ಇನ್ನೊಂದರಲ್ಲಿ. ವಿಷ ಇಳಿಸಲು ಡಾಕ್ಟರು ಗದ್ದೆಪ್ಪನಿಗೆ ನಳಿಗೆಯಲ್ಲಿ ಬ್ರಾಂದಿ ಹಾಕಿದರು. ಒಳ್ಳೆಯ ಮದ್ಯ ಕೆಟ್ಟದ್ದರ ಕೆಲಸವನ್ನು ತಡೆಯುತ್ತದೆ ಎಂದರು. ಜೀವ ಉಳಿಯಿತು, ಕಣ್ಣು ಬರಲಿಲ್ಲ. ಶಾಮೀದಸಾಬನ ಎದೆಯ ಸುಟ್ಟಗಾಯ ಮಾಯುವ ಮೊದಲೇ ಪೊಲೀಸರು ಅವನ ಮಂಚಕ್ಕೆ ಬೇಡಿ ಹಾಕಿದರು. ಸ್ಪಿರಿಟ್ ಕೊಟ್ಟವನು ಅವನೇ ಎಂದು ವಿರುಪಣ್ಣ ಹೇಳಿಕೆ ಕೊಟ್ಟಿದ್ದ. ಹಾಗಾಗಿ ಕೇಸಿನಲ್ಲಿ ವಿರುಪಣ್ಣನ ಜೊತೆ ಅವನೂ ಆರೋಪಿಯಾದ. ಯಂಕೋಬನ ಮೇಲೆ ಬೇರೆಯದೇ ಕೇಸು ಬಿತ್ತು. ಕೈಗೆ ಬಟ್ಟೆ ಸುತ್ತಿಕೊಂಡೇ ಶೇಖಮ್ಮ ಪೊಲೀಸರ ಮುಂದೆ ಹೋಗಿ, ಸಾರಾಯಿಯಲ್ಲಿದ್ದದ್ದು ಶಾಮೀದಸಾಬನ ಪಾಲಿಶ್ ಅಲ್ಲವೆಂದು ಸಾಕ್ಷಿ ಹೇಳುತ್ತೇನೆಂದಳು. ತಿಂಗಳು ಕಳೆಯುವುದರೊಳಗೆ ಅವಳನ್ನು ದೇವದುರ್ಗಕ್ಕೆ ವರ್ಗ ಮಾಡಿದರು.

ದೇವದುರ್ಗದಲ್ಲೂ ವಿರುಪಣ್ಣನ ಕಡೆಯವರು ಅವಳನ್ನು ಬಿಡಲಿಲ್ಲ. ಎರಡು ವರ್ಷ ಕಳೆದು ವಿಚಾರಣೆ ಹತ್ತಿರವಾದಾಗ, ದೀಪಾವಳಿಗೆ ಮುಂಚಿನ ಒಂದು ರಜೆಯ ದಿನ, ಅವಳು ಮನೆಗೆ ಸುಣ್ಣ ಬಳಿಯಲು ಅಂಗಳದಲ್ಲಿ ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದ್ದಳು. ತಗಡಿನ ಡಬ್ಬಿ ಕೊತಕೊತ ಕುದಿಯುತ್ತಿತ್ತು. ಗದ್ದೆಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಪಾರ್ವತೆಮ್ಮ ಸಂತೆಗೆ ಹೋಗಿದ್ದಳು. ಮುನೀಮ ಇಬ್ಬರನ್ನು ಕಟ್ಟಿಕೊಂಡು ಒಳಗೆ ಬಂದ. ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೂಸುತ್ತ ಮಾತಾಡಿದ.

"ಕೋರ್ಟಿನ್ಯಾಗ ಏನ್ ಹೇಳ್ತಿ ಟೀಚರಮ್ಮ?"

"ಇದ್ದದ್ದು ಹೇಳ್ತೀನಿ."

"ಅವತ್ತು ಇದ್ದದ್ದ ಹೇಳಿದ್ಯಲ್ಲ, ಪಾಲಿಶ್ ಸ್ಪಿರಿಟ್ ಅಂತ. ಅಷ್ಟ ಹೇಳು. ಸಾವುಕಾರ್ರು ನಿನ್ನ ಗೊಡವಿಗೆ ಬರಂಗಿಲ್ಲ."

"ಅಷ್ಟ ಹೇಳಂಗಿಲ್ಲ."

ಒಬ್ಬ ಹಿಂದಿನಿಂದ ಅವಳ ಬಲಗೈ ಹಿಡಿದು ಒರಳಿನ ಅಂಚಿಗೆ ಒತ್ತಿದ. ಇನ್ನೊಬ್ಬ ಕಲ್ಲುಗುಂಡು ಎತ್ತಿ ಹಾಕಿದ. ಮುಂಗೈ ಎಲುಬು ಲಟಕ್ಕೆಂದಿತು. ಗದ್ದೆಪ್ಪ ಸದ್ದಿನ ಕಡೆ ನುಗ್ಗಿ ಬಂದ. ಮುನೀಮ ಅವನ ಹೊಟ್ಟೆಗೆ ಒದ್ದು ಕೆಡವಿ, ಕುತ್ತಿಗೆಯ ಮೇಲೆ ಕಾಲಿಟ್ಟ.

"ಇಂವ ಹೆಂಗಿದ್ರೂ ಕುರುಡ. ಇದ್ರ ಏನು, ಹೋದ್ರ ಏನು?"

ತಮ್ಮನ ಗಂಟಲಿಂದ ಗೊರಗೊರ ಸದ್ದು ಬಂತು. ಶೇಖಮ್ಮ ಹಿಡಿದವನಿಂದ ಕೊಸರಿಕೊಂಡು, ಎಡಗೈಯಲ್ಲಿ ಸುಣ್ಣದ ಡಬ್ಬಿಯನ್ನು ಬುಡದಿಂದ ಎತ್ತಿ ಮುನೀಮನ ಮುಖಕ್ಕೆ ಎರಚಿದಳು. ಕುದಿಯುವ ಸುಣ್ಣ ಅವನ ಬಲಗಣ್ಣು, ಕೆನ್ನೆ, ಬಾಯಿಗೆ ಬಡಿಯಿತು. ಅಂಥ ಕೂಗನ್ನು ಅವಳು ಮಾನ್ವಿಯ ಬೀದಿಯಲ್ಲೂ ಕೇಳಿರಲಿಲ್ಲ. ಜೊತೆಗೆ ಬಂದ ಇಬ್ಬರೂ ಗೋಡೆ ಹಾರಿ ಓಡಿದರು.

ಮುನೀಮ ಕಣ್ಣು ಉಜ್ಜಿಕೊಳ್ಳುತ್ತ ಗೋಡೆಗೆ, ಕಂಬಕ್ಕೆ ಡಿಕ್ಕಿ ಹೊಡೆಯುತ್ತ ಅಂಗಳದಲ್ಲೆಲ್ಲ ತಿರುಗಿದ. ಅವಳು ನೋಡುತ್ತ ನಿಂತಳು. ಸಾಯಲಿ ಎನ್ನಿಸಿತು. ಆಮೇಲೆ ಅವನ ಕೂದಲು ಹಿಡಿದು ನೀರಿನ ತೊಟ್ಟಿಗೆ ಎಳೆದೊಯ್ದು ತಲೆ ಅದುಮಿದಳು, ಎತ್ತಿದಳು, ಮತ್ತೆ ಅದುಮಿದಳು.

"ಉಜ್ಜಬ್ಯಾಡಲೇ! ಕಣ್ಣು ತಗಿ! ನೀರಿನ್ಯಾಗ ಕಣ್ಣು ತಗಿ!"

"ಯಕ್ಕಾ, ಬಿಡು ಅವನ್ನ, ಸಾಯ್ಲಿ!" ಎಂದು ಗದ್ದೆಪ್ಪ ಕೆಮ್ಮುತ್ತ ಅರಚಿದ.

"ಸಾಯಬಾರ್ದು," ಎಂದಳು. ಮುರಿದ ಕೈ ಜೋತಾಡುತ್ತಿತ್ತು. "ಇಂವ ಮಾತಾಡಬೇಕು."

ಅವನಿಗೆ ಒಂದು ಕಣ್ಣು ಉಳಿಯಿತು. ಆಸ್ಪತ್ರೆಯಿಂದ ಅವನು ಕಳಿಸಿದ ಸುದ್ದಿಗೆ ವಿರುಪಣ್ಣ, ಅಂಥವನು ಯಾರೂ ತನಗೆ ಗೊತ್ತಿಲ್ಲ ಎಂದು ಹೇಳಿ ಕಳಿಸಿದ. ಆ ಮಾತಿಗೇ ಮುನೀಮ ಬಾಯಿ ಬಿಟ್ಟ. ಕಾರ್ಖಾನೆಗೆ ಹೋಗಬೇಕಿದ್ದ ಸ್ಪಿರಿಟನ್ನು ವಿರುಪಣ್ಣ ಟ್ಯಾಂಕರಿನಿಂದ ಇಳಿಸಿಕೊಂಡಿದ್ದು, ಪಿಂಪಿಗೆ ಸುರಿ ಎಂದದ್ದು, ಎಲ್ಲವನ್ನೂ ಪೊಲೀಸರಿಗೆ ಹೇಳಿದ.

ಆದರೂ ರಾಯಚೂರಿನ ಕೋರ್ಟಿನಲ್ಲಿ ವಿರುಪಣ್ಣನ ವಕೀಲರು ಶಾಮೀದಸಾಬನನ್ನು ಬಿಡಲಿಲ್ಲ. ಮುನೀಮ ಅಪರಾಧಿ, ಅವನ ಮಾತಿಗೆ ಏನು ಬೆಲೆ ಎಂದರು. ಶೇಖಮ್ಮ ಕಟಕಟೆ ಹತ್ತಿದಾಗ, ಜಾಮೀನಿನ ಮೇಲಿದ್ದ ಶಾಮೀದಸಾಬ ಊರುಗೋಲು ಹಿಡಿದು ಎದುರಿಗೇ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಅನ್ವರಿ ಬೇಗಂ, ಜಾಹೆದಾ.

ಶೇಖಮ್ಮ ನ್ಯಾಯಾಧೀಶರ ಅಪ್ಪಣೆ ಕೇಳಿ ಎರಡು ಗಾಜಿನ ಲೋಟದಲ್ಲಿ ನೀರು ತರಿಸಿದಳು. ಅಂಗಡಿಯಲ್ಲಿ ಪೊಲೀಸರು ಜಪ್ತಿ ಮಾಡಿದ್ದ ಪಾಲಿಶನ್ನು ಒಂದಕ್ಕೆ ಹನಿಸಿದಳು. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಸಾರಾಯಿ ಅಂಗಡಿಯ ಪಿಂಪಿನದನ್ನು ಇನ್ನೊಂದಕ್ಕೆ ಹನಿಸಿದಳು. ನೀರು ನೀರಾಗಿಯೇ ಇತ್ತು.

"ಇವರ ಅಂಗಡಿಯಲ್ಲಿ ಅರಗಿಲ್ಲದ ಸ್ಪಿರಿಟ್ ಇರಲೇ ಇಲ್ಲ, ಸ್ವಾಮಿ. ಪೊಲೀಸರು ಹಿಡಿದ ಪ್ರತಿ ಡಬ್ಬಿಯನ್ನೂ ಹೀಗೇ ನೋಡಬಹುದು. ಸಾರಾಯಿಯಲ್ಲಿ ಅರಗಿನ ಒಂದು ಕಣವೂ ಇಲ್ಲ."

ವಿರುಪಣ್ಣನ ವಕೀಲರು ನಿಧಾನವಾಗಿ ಎದ್ದರು. "ಅಮ್ಮಾ, ಆ ದಿನ ಜನರೆದುರು ಬಾಟಲಿ ಮೂಸಿ, ಪಾಲಿಶ್ ಸ್ಪಿರಿಟ್ ಎಂದವರು ಯಾರು?"

ಶಾಮೀದಸಾಬ ತಲೆಯೆತ್ತಿದ. ಬೆಂಕಿಯಲ್ಲಿ ಉರಿಯುವಾಗ ಅವಳು ಕೂಗಿದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷ ಅವನಿಗೆ ಅವಳು ಗೋಣಿ ಹೊದಿಸಿದವಳು ಮಾತ್ರ.

"ನಾನು," ಎಂದಳು ಶೇಖಮ್ಮ.

"ಅಂದರೆ ಇವರ ಮೇಲೆ ಜನರನ್ನು ಬಿಟ್ಟವರು ನೀವೇ."

"ಹೌದು. ಸ್ಪಿರಿಟ್ ಅಂದದ್ದು ಖರೆ. ಪಾಲಿಶಿನದು ಅಂದದ್ದು ತಪ್ಪು. ಸಾರಾಯಿಗೆ ವಿಷ ಹಾಕಿದವರ ಹೆಸರು ಅದರಿಂದ ಬದಲಾಗೋದಿಲ್ಲ."

ಹೊರಗೆ ಬೇವಿನ ಮರದ ಕೆಳಗೆ ಅನ್ವರಿ ಬೇಗಂ ಅವಳಿಗಾಗಿ ಕಾಯುತ್ತಿದ್ದಳು. ಹತ್ತಿರ ಬಂದ ಶೇಖಮ್ಮನ ಕೆನ್ನೆಗೆ ಪಟಾರನೆ ಬಾರಿಸಿದಳು. ಇನ್ನೊಂದು ಏಟಿಗೆ ಕೈ ಎತ್ತಿದಾಗ ಜಾಹೆದಾ ತಾಯಿಯ ಸೊಂಟ ತಬ್ಬಿ ಹಿಡಿದಳು. ಶೇಖಮ್ಮ ಕದಲಲಿಲ್ಲ.

"ನಿನ್ನ ಬಾಯಿ ಅವತ್ತ ಸುಟ್ಟುಹೋಗಬೇಕಿತ್ತು," ಎಂದು ಅನ್ವರಿ ಬೇಗಂ ಹಲ್ಲು ಕಚ್ಚಿ ಅತ್ತಳು. "ನನ್ನ ಗಂಡನ ಎದಿ ನೋಡಿಯೇನು? ಬೆವರು ಸುದ್ದಾ ಬರಂಗಿಲ್ಲ ಅಲ್ಲಿ."

ಶಾಮೀದಸಾಬ ಊರುಗೋಲು ಊರುತ್ತ ಬಂದ. ಬಹಳ ಹೊತ್ತು ಶೇಖಮ್ಮನ ಸುಟ್ಟ ಅಂಗೈ, ಸೊಟ್ಟಗೆ ಕೂಡಿಕೊಂಡ ಮುಂಗೈ ನೋಡಿದ.

"ಒಂದು ಮಾತು ಮೊದ್ಲ ನನಗ ಬಂದು ಹೇಳಬೇಕಿತ್ತು ಟೀಚರಮ್ಮ," ಎಂದ. "ಕೋರ್ಟಿನ್ಯಾಗ ಕೇಳಬಾರ್ದಿತ್ತು ನಾ ಅದನ್ನ."

"ಧೈರ್ಯ ಆಗ್ಲಿಲ್ಲರೀ."

"ಬೆಂಕ್ಯಾಗ ಬೀಳಾಕ ಧೈರ್ಯ ಇತ್ತು," ಎಂದು ಅವನು ಹೆಂಡತಿಯ ಹೆಗಲಿಗೆ ಕೈಹಾಕಿ ನಡೆದ. ಜಾಹೆದಾ ಒಮ್ಮೆ ಹಿಂತಿರುಗಿ ನೋಡಿ ಅವರ ಹಿಂದೆ ಹೋದಳು.

ಶಾಮೀದಸಾಬ ನಿರ್ದೋಷಿ ಎಂದು ತೀರ್ಪಾಯಿತು. ವಿರುಪಣ್ಣನನ್ನು ಜೈಲಿಗೆ ಕಳಿಸಿದರು. ಶಾಮೀದಸಾಬನ ಕುಟುಂಬ ಮತ್ತೆ ಮಾನ್ವಿಗೆ ಹೋಗಲಿಲ್ಲ. ರಾಯಚೂರಿನಲ್ಲೇ ಸಣ್ಣದೊಂದು ಅಂಗಡಿ ಹಾಕಿಕೊಂಡರೆಂದು ಸುದ್ದಿ ಬಂತು.

ತೀರ್ಪಿನ ಸಂಜೆ ದೇವದುರ್ಗದಲ್ಲಿ ಪಾರ್ವತೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಗದ್ದೆಪ್ಪ ಅಕ್ಕನಿಂದ ಎಲ್ಲವನ್ನೂ ಹೇಳಿಸಿಕೊಂಡ. ವಿರುಪಣ್ಣನನ್ನು ಪೊಲೀಸರು ಕರೆದೊಯ್ದದ್ದನ್ನು ಎರಡು ಸಲ ಕೇಳಿದ. ಬೇವಿನ ಮರದ ಕೆಳಗೆ ನಡೆದದ್ದನ್ನು ಅವಳು ಇಷ್ಟು ದಿನ ಮನೆಯಲ್ಲಿ ಹೇಳಿರಲಿಲ್ಲ. ಅದನ್ನೂ ಹೇಳಿದಳು.

"ಬಾಳ ಜೋರಾಗಿ ಹೊಡದಳೇನು?" ಎಂದ.

"ಹೂಂ."

ಅವನು ಕೈಚಾಚಿ ಅವಳ ಮುಖ ಹುಡುಕಿದ. ಕೆನ್ನೆ ಸಿಕ್ಕಿತು. ಅದು ಒದ್ದೆಯಾಗಿತ್ತು. ಗದ್ದೆಪ್ಪ ಹೆಬ್ಬೆರಳಿನಿಂದ ಒರೆಸಿದ. ಪಾರ್ವತೆಮ್ಮ ಇಬ್ಬರ ತಾಟಿಗೂ ಬಿಸಿ ರೊಟ್ಟಿ ಹಾಕಿ, "ಆರತಾವ, ತಿನ್ರಿ," ಎಂದಳು.